ಹದಿನೆಂಟನೆಯ ಕರೆಂಟು

ಕತ್ತಿನ ಹಿಂದಿನಿಂದ ಎದ್ದ ಬಿಸಿ ಕಿವಿಗಳನ್ನು ಸುತ್ತಿಕೊಂಡು ಮುಖಕ್ಕೆ ಹತ್ತಿದಾಗ ಶ್ರೀವಿದ್ಯಾ ಆಸ್ಪತ್ರೆಯ ಫ್ಯಾನನ್ನು ಮನಸ್ಸಿನಲ್ಲೇ ಬೈದಳು. ಆಮೇಲೆ ಫ್ಯಾನಿನ ನೇರ ಕೆಳಗೆ ತನಗಿಂತ ಮೊದಲೇ ಬಂದು ಕೂತಿದ್ದ ಮುದುಕನನ್ನು, ಅವನ ಮೊಬೈಲಿನಿಂದ ಬರುತ್ತಿದ್ದ ಭಕ್ತಿಗೀತೆಯನ್ನು, ಗೋಡೆಯ ಚಿತ್ರದಲ್ಲಿ ಬೋಳುತಲೆಯಲ್ಲಿ ನಗುತ್ತಿದ್ದ ಹೆಂಗಸನ್ನು ಬೈದಳು. ಅಷ್ಟು ಹಲ್ಲು ಬಿಟ್ಟು ನಗುವಂಥದ್ದು ಏನಾಗಿದೆ ಅವಳಿಗೆ? ಕೈಯಲ್ಲಿದ್ದ ಬಾಟಲಿಯಲ್ಲಿ ಇನ್ನೂ ಅರ್ಧ ನೀರಿತ್ತು. ಅಷ್ಟನ್ನೂ ಕುಡಿದು, ಮುಕ್ಕಾಲು ಗಂಟೆ ಮೂತ್ರ ತಡೆದುಕೊಂಡು ಕೂರಬೇಕು. ಮೂತ್ರಕೋಶ ತುಂಬಿ ಉಬ್ಬಿದರೆ ಕರುಳು ಮೇಲಕ್ಕೆ ಸರಿದು ಕಿರಣದ ದಾರಿಯಿಂದ ತಪ್ಪಿಸಿಕೊಳ್ಳುತ್ತದಂತೆ. ಇಷ್ಟು ಮಾತ್ರ ಅವಳಿಗೆ ಗೊತ್ತಿತ್ತು. ಇವತ್ತು ಹದಿನೇಳನೆಯ ದಿನ. ಹೀಗೆ ಹೊರಗಿನಿಂದ ಇಪ್ಪತ್ತೈದು ಆಗಬೇಕು, ಆಮೇಲೆ ಒಳಗಿನಿಂದ ಕೊಡುವುದು ನಾಲ್ಕು. ವಾರಕ್ಕೊಮ್ಮೆ ಕೈನರಕ್ಕೆ ಔಷಧಿ ಬೇರೆ. ಅವಳ ಊರಾದ ಗದಗಿನ ಕಡೆ ಇದಕ್ಕೆ ಕರೆಂಟು ಕೊಡುವುದು ಎನ್ನುತ್ತಾರೆ. ಗಂಡ ಗುರುಕಿರಣನೂ ಮೊದಲ ದಿನ ಹಾಗೆಯೇ ಅಂದಿದ್ದ. "ಆಪರೇಷನ್ ಬ್ಯಾಡಂತ. ಗರ್ಭಕೋಶ ತಗಿಯೂದಿಲ್ಲಂತ. ಬರೇ ಕರೆಂಟು."

ಆ ದಿನ ಅವಳು ವಾರ್ಡಿನಲ್ಲಿ ಎರಡನೆಯ ಚೀಲ ರಕ್ತ ಏರಿಸಿಕೊಳ್ಳುತ್ತ ಮಲಗಿದ್ದಳು. ತಿಂಗಳುಗಟ್ಟಲೆ ರಕ್ತ ಹೋಗಿ ಹಿಮೋಗ್ಲೋಬಿನ್ ಆರಕ್ಕೆ ಇಳಿದಿತ್ತು. ಗುರುಕಿರಣ ಡಾಕ್ಟರ ಕೋಣೆಯಲ್ಲಿ ಮುಕ್ಕಾಲು ಗಂಟೆ ಕೂತು ಬಂದಿದ್ದ. ಆ ಮುಕ್ಕಾಲು ಗಂಟೆಯನ್ನು ಮೂರು ವಾಕ್ಯ ಮಾಡಿ ಅವಳ ಹಾಸಿಗೆಯ ಅಂಚಿನಲ್ಲಿ ಇಟ್ಟ. ನಾಲ್ಕನೆಯ ವಾಕ್ಯವನ್ನು ಅವಳೂ ಕೇಳಲಿಲ್ಲ. ಗರ್ಭಕೋಶ ತೆಗೆಯುವುದಿಲ್ಲ ಎಂಬುದೊಂದೇ ಕಿವಿಯಲ್ಲಿ ನಿಂತು, ಅವನ ಕೈಯನ್ನು ಹಿಡಿದು ಅತ್ತುಬಿಟ್ಟಿದ್ದಳು. ಮೂವತ್ತಮೂರು ವರ್ಷ ಅವಳಿಗೆ. "ಇಂಟರ್ನೆಟ್ಟಿನಾಗ ಏನೂ ನೋಡ್ಲಿಕ್ಕೆ ಹೋಗಬ್ಯಾಡ, ಸುಮ್ನ ತಲಿ ಕೆಡ್ತದ," ಎಂದು ಅವನು ಅಂದಾಗ ಒಪ್ಪಿಕೊಂಡಿದ್ದಳು. ಒಪ್ಪಿಕೊಂಡದ್ದು ಅವನಿಗಾಗಿ ಅಲ್ಲ ಎಂದು ಈಗ ಅನ್ನಿಸುತ್ತದೆ. ಅವಳಿಗೇ ತಿಳಿದುಕೊಳ್ಳುವುದು ಬೇಕಿರಲಿಲ್ಲ. ಕೊಚ್ಚಿಯಲ್ಲಿದ್ದ ನಾಲ್ಕು ವರ್ಷ ಮಕ್ಕಳಾಗುವ ಆಸ್ಪತ್ರೆಗೆ ಓಡಾಡಿದಾಗ ತಿಳಿದುಕೊಂಡದ್ದು ಸಾಕಾಗಿತ್ತು. ಆ ಫ್ಲ್ಯಾಟಿನ ಅಡುಗೆಮನೆಯ ಕಿಟಕಿಯಿಂದ ವಲ್ಲಾರ್ಪಾಡಂ ಬಂದರಿನ ಕ್ರೇನುಗಳು ಕಾಣುತ್ತಿದ್ದವು. ಗುರುಕಿರಣ ಅವಳ ಹೊಟ್ಟೆಗೆ ಇಂಜೆಕ್ಷನ್ ಚುಚ್ಚುವಾಗ ಅವಳು ಕ್ರೇನು ಎತ್ತುವ ಪೆಟ್ಟಿಗೆಗಳ ಬಣ್ಣ ನೋಡುತ್ತಿದ್ದಳು. ಎರಡು ಸಲ ಬಸಿರು ನಿಂತು, ಎರಡು ಸಲ ಹೋಯಿತು. ತಿರುವನಂತಪುರಕ್ಕೆ ವರ್ಗವಾದಾಗ ಇನ್ನೊಂದು ವರ್ಷ ಬಿಟ್ಟು ಮತ್ತೆ ಶುರುಮಾಡೋಣ ಎಂದುಕೊಂಡಿದ್ದರು.

ಐದು ದಿನಗಳಿಂದ ಈ ಬಿಸಿ. ಬ್ಯಾಂಕಿನಲ್ಲಿ ಕೂತಿದ್ದಾಗ, ತಂಪಾನೂರಿನ ಶಾಖೆಯಲ್ಲಿ ಏಸಿ ಗಾಳಿ ನೆತ್ತಿಗೇ ಬೀಸುತ್ತಿರುವಾಗ ಸಹ, ಒಳಗಿನಿಂದ ಯಾರೋ ಒಲೆ ಹಚ್ಚಿದಂತೆ ಆಗಿ ರವಿಕೆಯ ಬೆನ್ನು ಒದ್ದೆಯಾಗುತ್ತದೆ. ಎದುರಿಗೆ ನಿಂತ ಗಿರಾಕಿ ಮೇಡಂ ಸುಖವಿಲ್ಲವೇ ಎಂದು ಕೇಳುತ್ತಾನೆ. ಗುರುಕಿರಣನಿಗೆ ಹೇಳಿದರೆ, "ಇಲ್ಲೀ ಹವಾನೇ ಹಂಗ," ಎಂದು ಎದ್ದು ಹೋಗಿ ಕಿಟಕಿ ತೆಗೆದಿದ್ದ. ಎದ್ದು ಹೋದ ಬಗೆಯಲ್ಲಿ ಏನೋ ಆತುರವಿತ್ತು. ಅದನ್ನೂ ಅವಳು ಆಗ ನೋಡಿ, ನೋಡದಂತೆ ಬಿಟ್ಟಿದ್ದಳು.

"ಫ್ಲಷಸ್ ತುಡಙ್ಙಿ ಅಲ್ಲೇ?" ಎಂದಳು ಸಿಸ್ಟರ್ ಮೇರಿ, ಅವಳ ಬೆವರಿದ ಮುಖ ನೋಡಿ ಪಕ್ಕದ ಕುರ್ಚಿಯಲ್ಲಿ ಕೂರುತ್ತ. ವಾರಕ್ಕೊಮ್ಮೆ ಬಂದು ತೂಕ, ಭೇದಿ, ಉರಿ ಎಲ್ಲವನ್ನೂ ವಿಚಾರಿಸಿ ಬರೆದುಕೊಳ್ಳುವ ನರ್ಸು ಅವಳು. ದಪ್ಪ ಕನ್ನಡಕ, ಯಾವ ಮಾತನ್ನೂ ತಗ್ಗಿಸಿ ಆಡದ ಗಂಟಲು. ಶ್ರೀವಿದ್ಯಾಳಿಗೆ ಇಷ್ಟು ವರ್ಷದಲ್ಲಿ ಮಲಯಾಳ ಚೆನ್ನಾಗಿಯೇ ಅರ್ಥವಾಗುತ್ತಿತ್ತು, ಆದರೂ ಇದು ಅರ್ಥವಾಗಲಿಲ್ಲ. ಫ್ಲಷಸ್ ಶುರುವಾಯಿತಲ್ಲವೇ ಎಂದರೆ, ಯಾವುದು ಶುರುವಾಗಿದೆ? ಮೇರಿ ತನ್ನ ಹಾಳೆಯಲ್ಲಿ ಗುರುತು ಹಾಕುತ್ತಲೇ ಹೇಳಿದಳು: ಅಂಡಾಶಯ ನಿಂತಾಗ ಹೀಗೆಯೇ, ಮುಟ್ಟು ನಿಲ್ಲುವ ವಯಸ್ಸಿನವರಿಗೆ ಆಗುವುದು ನಿನಗೆ ಈಗಲೇ ಆಗುತ್ತಿದೆ ಅಷ್ಟೆ, ಹೆದರುವಂಥದ್ದೇನಿಲ್ಲ, ಎಲ್ಲ ಮುಗಿದ ಮೇಲೆ ಹಾರ್ಮೋನಿನ ಮಾತ್ರೆ ಕೊಡುತ್ತಾರೆ. ಶ್ರೀವಿದ್ಯಾ ಅವಳ ಪೆನ್ನಿನ ತುದಿಯನ್ನೇ ನೋಡಿದಳು. "ನಿಂತಾಗ ಅಂದರೆ?" ಎಂದು ಕೇಳಿದಳು. ಮತ್ತೆ ಯಾವಾಗ ಶುರುವಾಗುತ್ತದೆ ಎಂದೂ ಕೇಳಿದಳು. ಮೇರಿ ತಲೆ ಎತ್ತಿದಳು. ಕನ್ನಡಕದ ಹಿಂದೆ ಕಣ್ಣು ಒಂದು ಕ್ಷಣ ಚಿಕ್ಕದಾಯಿತು.

"ಅಯ್ಯೋ. ಹಸ್ಬೆಂಡಿನೋಡ್ ಎಲ್ಲಾಂ ಪರಞ್ಞದಾಣಲ್ಲೋ, ಮೋಳೇ."

ಗಂಡನಿಗೆ ಎಲ್ಲ ಹೇಳಿದ್ದೇವಲ್ಲ, ಮಗಳೇ. ಆ 'ಮೋಳೇ' ಎಂಬ ಮಾತು ಕೆನ್ನೆಗೆ ಹೊಡೆದಂತಿತ್ತು. ಮೇರಿ ಎದ್ದು, ಡಾಕ್ಟರು ಬರಲಿ, ಅವರನ್ನೇ ಕೇಳು ಎಂದು ಗೊಣಗುತ್ತ ಮುಂದಿನ ಸಾಲಿಗೆ ಹೋದಳು. ಶ್ರೀವಿದ್ಯಾಳ ತೊಡೆಯ ಮೇಲೆ ಅವಳದೇ ಫೈಲು ಇತ್ತು. ಹದಿನಾರು ದಿನ ಕೌಂಟರಿನಿಂದ ಯಂತ್ರದ ಕೋಣೆಯವರೆಗೆ ತಾನೇ ಹೊತ್ತು ತಂದ ನೀಲಿ ಫೈಲು. ಅದನ್ನು ಬಿಚ್ಚಬಾರದೆಂದು ಯಾರೂ ಹೇಳಿರಲಿಲ್ಲ. ಬಿಚ್ಚಿದಳು. ಏಳನೆಯ ಹಾಳೆಯಲ್ಲಿ ಡಾಕ್ಟರ್ ಶ್ರೀಹರಿಯ ಕೈಬರಹ ಆತುರದ ಇಂಗ್ಲಿಷಿನಲ್ಲಿತ್ತು. ಅಂಡಾಶಯಗಳು ನಿಲ್ಲುವುದನ್ನೂ ಮುಂದೆ ಬಸಿರು ಸಾಧ್ಯವಿಲ್ಲದ್ದನ್ನೂ ಗಂಡನಿಗೆ ವಿವರವಾಗಿ ತಿಳಿಸಲಾಗಿದೆ. ಅಂಡಾಣುಗಳನ್ನು ತೆಗೆದಿಡುವುದು, ಅಂಡಾಶಯಗಳನ್ನು ಕಿರಣದ ದಾರಿಯಿಂದ ಮೇಲಕ್ಕೆ ಸರಿಸುವ ಸಣ್ಣ ಶಸ್ತ್ರಕ್ರಿಯೆ, ಎರಡನ್ನೂ ಸೂಚಿಸಲಾಯಿತು. ನಿರಾಕರಿಸಲಾಗಿದೆ. ಯಾರಿಂದ ಎಂದು ಬರೆದಿರಲಿಲ್ಲ. ಕೆಳಗೆ ಗುರುಕಿರಣನ ಸಹಿ, ಅದರ ಕೆಳಗೆ, 'ನನಗೆ ತಿಳಿಸಲಾಗಿದೆ' ಎಂಬ ಅಚ್ಚಾದ ಸಾಲಿನ ಪಕ್ಕದಲ್ಲಿ, ರಕ್ತ ಏರುತ್ತಿದ್ದ ಕೈಯನ್ನು ಬಿಟ್ಟು ಎಡಗೈಯಲ್ಲಿ ಹಾಕಿದ ಅವಳ ಸೊಟ್ಟ ಸಹಿ. ಸಹಿ ಹಾಕಬೇಕಾದ ಜಾಗದಲ್ಲಿ ಯಾರೋ ಪೆನ್ಸಿಲಿನಿಂದ ಸಣ್ಣ ಗುಣಾಕಾರದ ಗುರುತು ಹಾಕಿದ್ದರು. ಸಹಿಯ ಸಂದಿಯಲ್ಲಿ ಅದು ಇನ್ನೂ ಕಾಣುತ್ತಿತ್ತು.

ಅವಳ ಹೆಸರು ಕರೆದರು. ಎದ್ದು ಹೋದಳು. ಅದೇ ಅವಳಿಗೆ ಆಮೇಲೆ ಇಡೀ ದಿನ ಸಹಿಸಲಾಗದೆ ಹೋದದ್ದು. ಎದ್ದು ಹೋದಳಲ್ಲ, ಹೇಳಿದಂತೆ ಸಲವಾರಿನ ಲಾಡಿ ಬಿಚ್ಚಿ ಕೆಳಗೆ ಸರಿಸಿದಳಲ್ಲ, ಹೊಕ್ಕುಳ ಕೆಳಗೆ ಗುರುತಿಗೆಂದು ಚುಚ್ಚಿದ ಕಪ್ಪು ಚುಕ್ಕೆಗಳಿಗೆ ಕೆಂಪು ಬೆಳಕಿನ ಗೆರೆ ಹೊಂದುವವರೆಗೆ ಅತ್ತ ಇತ್ತ ಎಳೆಸಿಕೊಂಡಳಲ್ಲ. ಯಂತ್ರ ನಡೆಸುವ ಹರಿಣಾಕ್ಷಿ ಕಾಸರಗೋಡಿನವಳು, ನಲವತ್ತರ ಹೆಂಗಸು. ಮೊದಲ ದಿನ ಫೈಲಿನ ಮೇಲೆ ಊರ ಹೆಸರು ನೋಡಿ ಕನ್ನಡದಲ್ಲಿ ಮಾತಾಡಿಸಿದ್ದಳು. "ಇವತ್ತು ಎಂತ ಅಕ್ಕ, ಮುಖ ಹೀಗೆ? ಊಟ ಸೇರ್ತಾ ಇಲ್ವಾ?" ಎಂದಳು. ದಪ್ಪ ಬಾಗಿಲು ಮುಚ್ಚಿತು, ಯಂತ್ರದ ತಲೆ ಸುತ್ತ ತಿರುಗಿತು, ಜೀರುಂಡೆಯಂಥ ಸದ್ದು ಕೇಳಿಸಿತು. ನೋವಿಲ್ಲ, ಬಿಸಿಯಿಲ್ಲ, ವಾಸನೆಯಿಲ್ಲ. ಯಾರೋ ಬಂದು ಮನೆಯನ್ನು ಖಾಲಿ ಮಾಡಿಕೊಂಡು ಹೋಗುವಾಗ ಸದ್ದೇ ಆಗದಿದ್ದರೆ ಹೀಗೇ ಇರಬೇಕು.

ಬೇರೆ ದಿನವಾದರೆ ಇಲ್ಲಿಂದ ಬ್ಯಾಂಕಿಗೆ ಹೋಗಿ ಅರ್ಧ ದಿನ ಕೆಲಸ ಮಾಡುತ್ತಿದ್ದಳು. ಇವತ್ತು ತಂಪಾನೂರಿಗೆ ಬಂದು, ಶಾಖೆಯ ಬಾಗಿಲು ದಾಟಿ, ಕಳಕ್ಕೂಟಂ ಬಸ್ಸು ನಿಲ್ಲುವ ಕಡೆಗೆ ನಡೆದಳು. ಗುರುಕಿರಣನ ಆಫೀಸು ಇದ್ದದ್ದು ಅಲ್ಲಿ. ಸಂಜೆಯವರೆಗೆ ಕಾಯುವುದು ಸಾಧ್ಯವಿರಲಿಲ್ಲ. ಮನೆಯಲ್ಲಿ ಕೇಳಿದರೆ ಅವನು ನೀರು ಕೊಡುತ್ತಾನೆ, ದಿಂಬು ಸರಿಮಾಡುತ್ತಾನೆ, ಮಲಗಿಸುತ್ತಾನೆ. ಆಗಲೇ ಹೊಟ್ಟೆ ಹಿಂಡಿತು. ಎರಡನೆಯ ವಾರದಿಂದ ಶುರುವಾದ ಭೇದಿ, ಬಂತೆಂದರೆ ನಿಮಿಷದ ಮುನ್ಸೂಚನೆಯೂ ಇಲ್ಲ. ಬಸ್ ನಿಲ್ದಾಣದ ಶೌಚಾಲಯದ ಮುಂದೆ ಹೆಂಗಸರ ಸಾಲು ರಸ್ತೆಯವರೆಗೆ ಇತ್ತು. ಎದುರಿನ ಲಾಡ್ಜಿನ ಮೆಟ್ಟಿಲು ಹತ್ತಿದಳು. ಮೇಜಿನ ಹಿಂದೆ ಕೂತವನು ಅವಳನ್ನು ಮೇಲಿನಿಂದ ಕೆಳಗೆ ನೋಡಿ ರೂಮು ಬೇಕೇ, ಒಬ್ಬರೇ ಇರುವುದೇ ಎಂದ. ಬಾತ್‌ರೂಮು, ಎರಡು ನಿಮಿಷ, ಎಂದಳು. ರೂಮು ತೆಗೆದುಕೊಂಡವರಿಗೆ ಮಾತ್ರ ಎಂದು ಅವನು ಪತ್ರಿಕೆಗೆ ಮರಳಿದ. ಅವಳು ಮೇಜನ್ನು ಹಿಡಿದು ನಿಂತಳು. ಹಣೆಯಿಂದ ಬೆವರು ಅವನ ರಿಜಿಸ್ಟರಿನ ಮೇಲೆ ಬಿತ್ತು. "ಎನಿಕ್ಕ್ ಕ್ಯಾನ್ಸರಾಣ್!" ಎಂದು ಕೂಗಿದಳು, ಎಷ್ಟು ಜೋರಾಗಿ ಎಂದರೆ ಮೆಟ್ಟಿಲಲ್ಲಿ ಇಳಿಯುತ್ತಿದ್ದ ಇಬ್ಬರು ನಿಂತರು. ನನಗೆ ಕ್ಯಾನ್ಸರೆಂಬ ಮಾತನ್ನು ಅವಳು ತನ್ನ ಬಾಯಲ್ಲಿ ಆಡಿದ್ದು ಅದೇ ಮೊದಲು. ಬ್ಯಾಂಕಿನಲ್ಲಿ ಹೊಟ್ಟೆಯ ತೊಂದರೆ ಎಂದಿದ್ದಳು, ತಂಗಿಯ ಹತ್ತಿರ ಗಡ್ಡೆ ಎಂದಿದ್ದಳು. ಅವನು ಎದ್ದು ಬೀಗದ ಕೈ ಕೊಟ್ಟ; ಬೀಗದ ಕೈಯನ್ನು ಮೇಜಿನ ಮೇಲೆ ಇಟ್ಟು ಬೆರಳಿನಿಂದ ತಳ್ಳಿದ, ಅವಳ ಕೈಗೆ ತಾಗಬಾರದೆಂಬಂತೆ.

ಬಾತ್‌ರೂಮಿನ ಹಳದಿ ಬಕೆಟ್ಟಿನ ಎದುರು ಕೂತಾಗ, ಯಾಕೋ, ವಲ್ಲಾರ್ಪಾಡಂನ ಒಬ್ಬ ಹೆಂಗಸು ನೆನಪಾದಳು. ಕೊಚ್ಚಿಯ ಶಾಖೆಗೆ ಬಂದಿದ್ದವಳು. ಗಂಡ ಬಂದರಿನಲ್ಲಿ ಟ್ರೇಲರ್ ಓಡಿಸುತ್ತಿದ್ದವನು, ಸತ್ತು ಎರಡು ತಿಂಗಳಾಗಿತ್ತು. ಅವನ ಕಾಗದಪತ್ರಗಳ ನಡುವೆ ಶ್ರೀವಿದ್ಯಾ ಇನ್ನೊಂದು ಅರ್ಜಿ ಸೇರಿಸಿದ್ದಳು; ವಿಮೆಯದು, ಆ ತಿಂಗಳು ಶಾಖೆಯಿಂದ ಇಂತಿಷ್ಟು ಆಗಲೇಬೇಕಿದ್ದದ್ದು. ಪೆನ್ಸಿಲಿನಿಂದ ಗುರುತು ಹಾಕಿ ಕೊಟ್ಟಾಗ ಆ ಹೆಂಗಸು, ಇದು ಯಾತಕ್ಕೆ ಎಂದು ಕೇಳಿದ್ದಳು. "ಫಾರ್ಮಾಲಿಟಿ, ಚೇಚಿ," ಎಂದಿದ್ದಳು ಶ್ರೀವಿದ್ಯಾ, ಅಕ್ಕನನ್ನು ಕರೆದಂತೆ ನಗುತ್ತ. ಒಂದು ವರ್ಷದ ಮೇಲೆ, ಖಾತೆಯಿಂದ ವಿಮೆಯ ಕಂತು ಕಡಿತವಾದಾಗ, ಆ ಹೆಂಗಸು ಮತ್ತೆ ಬಂದು ಕೌಂಟರಿನ ಎದುರು ನಿಂತಳು. ಜಗಳವಾಡಲಿಲ್ಲ. ನನಗೆ ಗೊತ್ತಿರಲಿಲ್ಲ ಎಂದು ಮಾತ್ರ ಹೇಳಿದಳು. ಶ್ರೀವಿದ್ಯಾ ಕಾಗದ ತಿರುಗಿಸಿ ಅವಳದೇ ಸಹಿಯನ್ನು ಬೆರಳಿಟ್ಟು ತೋರಿಸಿದ್ದಳು. ಬೆರಳಿಟ್ಟ ಜಾಗ ಈಗಲೂ ಉಗುರಿನ ಕೆಳಗೆ ಇರುವಂತೆ ಅನ್ನಿಸಿ ಅವಳು ನಲ್ಲಿ ತಿರುಗಿಸಿ ಕೈ ತೊಳೆದಳು, ಮತ್ತೆ ತೊಳೆದಳು. ತನ್ನ ಸಿಟ್ಟಿಗೆ ಇದೊಂದು ಅಡ್ಡ ಬಂತಲ್ಲ ಎಂದು ಆ ಹೆಂಗಸಿನ ಮೇಲೂ ಸಿಟ್ಟು ಬಂತು.

ಕಳಕ್ಕೂಟಂನ ಗೇಟಿನಲ್ಲಿ ಕಾವಲಿನವನು ರಿಜಿಸ್ಟರು ಮುಂದೆ ತಳ್ಳಿದ. ಯಾರನ್ನು ನೋಡಬೇಕು, ಯಾವ ಕಂಪನಿ, ಏನು ಕೆಲಸ. ಏನು ಕೆಲಸ ಎಂಬ ಕಾಲಮಿನ ಎದುರು ಅವಳ ಪೆನ್ನು ಸುಮಾರು ಹೊತ್ತು ನಿಂತಿತು. ಕೊನೆಗೆ ಸ್ವಂತ ಎಂದು ಬರೆದಳು. ಗುರುಕಿರಣ ಕತ್ತಿನ ಪಟ್ಟಿಯಲ್ಲಿ ಗುರುತಿನ ಚೀಟಿ ತೂಗಿಸಿಕೊಂಡು ಹೆಚ್ಚುಕಡಿಮೆ ಓಡಿಬಂದ. "ಏನಾತು? ಬಿದ್ದೇನ? ಫೋನ್ ಮಾಡೂದಲ್ಲ, ನಾನ ಬರ್ತಿದ್ದೆ!" ಎನ್ನುತ್ತ ಅವಳ ಮೊಣಕೈ ಹಿಡಿದ. ಅವಳು ಕೈ ಬಿಡಿಸಿಕೊಂಡಳು. ರಸ್ತೆಯಾಚೆ ಚಹಾ ಅಂಗಡಿಯ ಪಕ್ಕ ಮರದ ಕೆಳಗೆ ಒಂದು ಬೆಂಚಿತ್ತು, ಅಲ್ಲಿಗೆ ನಡೆದಳು, ಅವನು ಹಿಂದೆ ಬಂದ. ಫೈಲು ಬಿಚ್ಚಿ ಏಳನೆಯ ಹಾಳೆಯನ್ನು ಅವನ ಮುಂದೆ ಹಿಡಿದಳು.

"ಇದೇನ್ರಿ?"

ಅವನು ಓದಲಿಲ್ಲ. ಓದುವ ಅಗತ್ಯವಿರಲಿಲ್ಲ. ಬೆಂಚಿನ ಮೇಲೆ ಕೂತು ಕತ್ತಿನ ಪಟ್ಟಿಯನ್ನು ತೆಗೆದು ಕೈಗೆ ಸುತ್ತಿಕೊಂಡ.

"ಹೇಳಬೇಕಂತಿದ್ದೆ. ಎಲ್ಲಾ ಮುಗದ ಮ್ಯಾಲ."

"ಮುಗದ ಮ್ಯಾಲ ಏನ್ ಹೇಳ್ತಿದ್ರಿ?"

"ವಿದ್ಯಾ, ಹಿಮೋಗ್ಲೋಬಿನ್ ಆರು ಇತ್ತು ನಿಂಗ. ಡಾಕ್ಟರು ಏನಂದ್ರು ಗೊತ್ತೇನು? ಅಂಡಾಣು ತಗಿಯೂದಂದ್ರ ಎರಡು ಮೂರು ವಾರ ತಡ ಆಗ್ತದ. ಗಡ್ಡಿ ಆಗಲೇ ಬಾಜೂಕ ಹಬ್ಬೇದ. ತಡ ಮಾಡಿದ್ರ ಏನೂ ಹೇಳ್ಲಿಕ್ಕೆ ಬರೂದಿಲ್ಲ ಅಂದ್ರು. ನಾ ಏನ್ ಮಾಡಬೇಕಿತ್ತು?"

"ಕೇಳಬೇಕಿತ್ತು."

"ಕೇಳಿದ್ರ ನೀ ತಡ ಮಾಡೋಣು ಅಂತಿದ್ದಿ. ನಂಗ ಗೊತ್ತದ ನೀ ಹೆಂಗಂತ. ಕೊಚ್ಚಿಯೊಳಗ ನೋಡೀನಲ್ಲ. ಸಾಯ್ತೀನಿ ಅಂದ್ರೂ ಬಿಡ್ತಿದ್ದಿಲ್ಲ ನೀ."

"ಅಂತಿದ್ದೆನೋ ಇಲ್ಲೋ!" ಅವಳ ಧ್ವನಿಗೆ ಅಂಗಡಿಯವನು ಚಹಾ ಎತ್ತಿ ಹೊಯ್ಯುವುದನ್ನು ನಿಲ್ಲಿಸಿದ. "ಏನಂತಿದ್ದೆ ಅಂತ ನಂಗೂ ಗೊತ್ತಿಲ್ಲ ಈಗ. ನಾನೂ ಇದನ್ನ ಹೇಳ್ತಿದ್ದೆನೋ ಏನೋ. ಬ್ಯಾಡ, ಮೊದಲು ಜೀವಾ ಉಳೀಲಿ ಅಂತಿದ್ದೆನೋ ಏನೋ. ಇನ್ನ ಅದು ಗೊತ್ತಾಗೂದ ಇಲ್ಲ. ಅದನ್ನೂ ಕಸಗೊಂಡಿ ನೀ."

ಮದುವೆಯಾದ ಎಂಟು ವರ್ಷದಲ್ಲಿ, ಮನೆಯ ಹೊರಗೆ, ಅವನನ್ನು ಏಕವಚನದಲ್ಲಿ ಕರೆದದ್ದು ಅದೇ ಮೊದಲು. ಅವನಿಗೂ ಅದು ಕೇಳಿಸಿತು. ಮುಖ ಕೆಂಪಾಗಿ, ಗೇಟಿನ ಕಡೆ ನೋಡಿದ, ಆಫೀಸಿನವರು ಯಾರಾದರೂ ಇದ್ದಾರೆಯೇ ಎಂದು. ಆ ನೋಟಕ್ಕೆ ಅವಳಿಗೆ ಅವನ ಕೈಯಲ್ಲಿದ್ದ ಪಟ್ಟಿಯನ್ನು ಕಿತ್ತು ರಸ್ತೆಗೆ ಎಸೆಯಬೇಕೆನ್ನಿಸಿತು. ಅವನ ಕಣ್ಣಲ್ಲಿ ನೀರಿತ್ತು. ಅದು ನಿಜವಾದ ನೀರೇ. ಹದಿನೇಳು ದಿನವೂ ಅವನು ಬೆಳಿಗ್ಗೆ ಐದಕ್ಕೆ ಎದ್ದು ಗಂಜಿ ಬೇಯಿಸಿದ್ದ, ಅವಳು ಕಕ್ಕಿದ್ದನ್ನು ಬಳಿದಿದ್ದ. ಅವನು ಕೆಟ್ಟವನಾಗಿದ್ದರೆ ಎಷ್ಟು ಸುಲಭವಿತ್ತು. ಅವಳ ಮೇಲೆ ಪ್ರೀತಿ ಇದೆ, ಆ ಪ್ರೀತಿ ಅವಳನ್ನೊಂದು ಮಾತು ಕೇಳದೆ ಅವಳ ಹೊಟ್ಟೆಯೊಳಗೆ ಕೈ ಹಾಕಿದೆ.

"ಅತ್ತಿಯವರಿಗೆ ಏನ್ ಹೇಳೀದಿ?"

ಅವನು ಚಹಾ ಅಂಗಡಿಯ ಕಡೆ ನೋಡಿದ.

"ನಿಮ್ಮವ್ವಗ ಏನ್ ಹೇಳೀದಿ ಅಂತ ಕೇಳ್ಲಿಕ್ಕತ್ತೀನಿ."

"ಗರ್ಭಕೋಶ... ಮೊದಲಿಂದನ ಕೆಟ್ಟಿತ್ತಂತ, ಡಾಕ್ಟರು ಹೇಳಿದ್ರು ಅಂತ..." ಅವನು ಪಟ್ಟಿಯನ್ನು ಬಿಚ್ಚಿ ಮತ್ತೆ ಸುತ್ತಿದ. "ಏನರ ಹೇಳಬೇಕಿತ್ತಲ್ಲ."

ಹಾಗಾದರೆ ಗದಗಿನಲ್ಲಿ ಎಲ್ಲರಿಗೂ ಗೊತ್ತಿದೆ. ಮೊದಲಿನಿಂದಲೇ ಕೆಟ್ಟಿತ್ತು. ಕೊಚ್ಚಿಯಲ್ಲಿ ನಿಂತು ಹೋದ ಎರಡಕ್ಕೂ ಅದೇ ಕಾರಣ. ಹೋದ ವಾರ ಅತ್ತೆ ಫೋನಿನಲ್ಲಿ, "ಇರಲಿ ಬಿಡವ್ವಾ, ಎಲ್ಲಾರ ಹಣೇಬಾರಾ ಒಂದ ಥರಾ ಇರ್ತದೇನು?" ಎಂದದ್ದರ ಅರ್ಥ ಈಗ ಆಯಿತು. ಕಾಯಿಲೆಯ ಬಗ್ಗೆ ಅನ್ನುತ್ತಿದ್ದಾರೆ ಎಂದುಕೊಂಡು ಅವಳು ಆಗ ಹೂಂ ಅಂದಿದ್ದಳು. ಹೂಂ ಅಂದಿದ್ದಳು! "ಫೋನ್ ಹಚ್ಚು," ಎಂದಳು. ಈಗಲೇ? ಇಲ್ಲೇ? ಹೌದು, ಇಲ್ಲೇ. ಎಲ್ಲರಿಗೂ ಕೇಳುವ ಹಾಗೆ ಸ್ಪೀಕರಿಗೆ ಹಾಕು. ನೀನು ನಿನ್ನ ಬಾಯಲ್ಲಿ ಹೇಳು. ಅವನು ಹಚ್ಚಿದ. ಅತ್ತೆ ಸುಮಿತ್ರ ಎತ್ತಿಕೊಂಡವರೇ, ಇಷ್ಟೊತ್ತಿನಲ್ಲಿ ಯಾಕೆ, ಊಟ ಆಯಿತೇ, ಮಳೆ ಇದೆಯೇ ಎಂದರು. ಅವನು ಆಯಿತು ಎಂದ, ಮಳೆ ಇಲ್ಲ ಎಂದ, ನಿನ್ನೆ ಬಂದಿತ್ತು ಎಂದ, ಮನೆಯ ಸಂಪು ಸೋರುವುದು ನಿಂತಿತೇ ಎಂದು ಕೇಳಿದ. ಶ್ರೀವಿದ್ಯಾ ಅವನ ತುಟಿಗಳನ್ನು ನೋಡುತ್ತಿದ್ದಳು. ಸಂಪಿನ ವಿಷಯ ಮೂರು ನಿಮಿಷ ನಡೆಯಿತು. ಅವಳು ಫೋನು ಕಿತ್ತುಕೊಂಡಳು.

"ಅತ್ತೀ, ನಾನ್ರಿ. ನನ್ನ ಗರ್ಭಕೋಶ ಮೊದಲಿಂದ ಕೆಟ್ಟಿದ್ದಿಲ್ಲ. ಈ ಕರೆಂಟಿನಿಂದ ಹೋತು. ಹೋಗ್ತದಂತ ನಿಮ್ಮ ಮಗಗ ಮೊದಲ ಗೊತ್ತಿತ್ತು. ಒಂದಿಷ್ಟು ಉಳಿಸಿಕೊಳ್ಳೂ ದಾರಿ ಇತ್ತಂತ, ಅದನ್ನೂ ಬ್ಯಾಡಂತ ಅವರ ಹೇಳಿದ್ರು. ನಂಗ ಹೇಳಲಿಲ್ಲ. ಇವತ್ತ ಗೊತ್ತಾತು."

ಆಚೆ ಕುಕ್ಕರು ಒಂದು ಸೀಟಿ ಹೊಡೆಯಿತು. ಇನ್ನೊಂದು ಹೊಡೆಯಿತು. ಒಲೆ ಆರಿಸಿದ ಸದ್ದು ಕೇಳಿಸಿತು.

"ಸಹೀ ಯಾರದದ?" ಎಂದರು ಸುಮಿತ್ರ.

"ಇಬ್ಬರದೂ ಅದರಿ. ನಾ ಓದಲಾರದ ಮಾಡೀನಿ."

"ನನ್ನ ಕಡಿಂದ ಸಹೀನೂ ಮಾಡಿಸಿದ್ದಿಲ್ಲವ್ವ." ಮುದುಕಿಯ ದನಿ ಸಂಪಿನ ವಿಷಯ ಆಡುವಾಗ ಹೇಗಿತ್ತೋ ಹಾಗೆಯೇ ಇತ್ತು. "ಗುರು ಹುಟ್ಟಿದಾಗ. ಹೊಟ್ಟಿ ಕೊಯ್ದು ತಗದಿದ್ರಲ್ಲ, ಮೂರು ದಿನ ಮಬ್ಬಿನಾಗ ಇದ್ದೆ. ಮನೀಗೆ ಬಂದು ಆರು ತಿಂಗಳಾದ ಮ್ಯಾಲ ನಿಮ್ಮ ಮಾವ ಮಾತಿನಾಗ ಮಾತು ಅಂದ್ರು, ಇನ್ನೇನು ಚಿಂತಿಲ್ಲ, ಅವತ್ತ ಮಕ್ಕಳಾಗದ ಆಪರೇಷನ್ನೂ ಮಾಡಿಸಿಬಿಟ್ಟೀನಿ ಅಂತ. ನಂಗ ಒಂದು ಹೆಣ್ಣು ಬೇಕಾಗಿತ್ತು."

ಗುರುಕಿರಣ ಬೆಂಚಿನಿಂದ ಎದ್ದು ನಿಂತಿದ್ದ. ಇದು ಅವನಿಗೂ ಗೊತ್ತಿರಲಿಲ್ಲವೆಂದು ಅವನ ಬಾಯಿ ತೆರೆದುಕೊಂಡ ರೀತಿಯಲ್ಲೇ ತಿಳಿಯುತ್ತಿತ್ತು. ಶ್ರೀವಿದ್ಯಾ ಕಾದಳು, ತನ್ನೊಳಗೆ ಏನಾದರೂ ಮೆತ್ತಗಾದೀತೆಂದು. ಆಗಲಿಲ್ಲ. ಇಷ್ಟು ಗೊತ್ತಿದ್ದ ಹೆಂಗಸು ಎಂಟು ವರ್ಷ ತನಗೆ ಗುರುವಾರ ಗುರುವಾರ ಉಪವಾಸ ಹಿಡಿಸಿದಳಲ್ಲ, ಬೀಗರ ಎದುರು ತನ್ನ ಹೊಟ್ಟೆಯ ಮೇಲೆ ಕಣ್ಣಾಡಿಸಿದಳಲ್ಲ ಎಂದು ಉರಿಯಿತು. "ಹಂಗಿದ್ರ ಯಾಕ ಸುಮ್ಮನಿದ್ರಿ ಅತ್ತೀ? ಇಷ್ಟು ವರ್ಷ ಯಾಕ ಸುಮ್ಮನಿದ್ರಿ?" ಎಂದಳು. ಕೇಳಬಾರದ ಮಾತು, ಕೇಳಿಬಿಟ್ಟಳು. ಸುಮಿತ್ರ, "ಅವನ ಕೈಯಾಗ ಕೊಡು ಫೋನು. ಸ್ಪೀಕರ್ ತಗಸು," ಎಂದರು. ಗುರುಕಿರಣ ಫೋನನ್ನು ಕಿವಿಗಿಟ್ಟುಕೊಂಡು ಮರದ ಆಚೆಗೆ ಹೋದ. ಬಹಳ ಹೊತ್ತು ಅವನ ಬೆನ್ನು ಮಾತ್ರ ಕಾಣುತ್ತಿತ್ತು. ಒಂದು ಸಲ 'ಹೂಂ' ಅಂದದ್ದು ಕೇಳಿಸಿತು, ಆಮೇಲೆ ಅದೂ ಇಲ್ಲ. ಅವರು ಏನಂದರೆಂದು ಅವನು ಹೇಳಲಿಲ್ಲ, ಅವಳು ಕೇಳಲಿಲ್ಲ. ಅವಳು ತನ್ನಷ್ಟಕ್ಕೆ ಆಟೋ ನಿಲ್ಲಿಸಿ ಮನೆಗೆ ಹೋದಳು.

ಮರುದಿನ ಬೆಳಿಗ್ಗೆ ಅವನು ಗಂಜಿ ಬೇಯಿಸಿದ್ದ. ಅವಳು ತಿಂದಳು, ಹಸಿವಿತ್ತು. ಅವನು ಚಪ್ಪಲಿ ಹಾಕಿಕೊಳ್ಳಲು ಹೋದಾಗ, ಬರಬೇಡ ಎಂದಳು. ಆಸ್ಪತ್ರೆಯಲ್ಲಿ ಡಾಕ್ಟರ್ ಶ್ರೀಹರಿಯ ಕೋಣೆಯ ಬಾಗಿಲಿಗೆ ಹೆಸರು ಕರೆಯುವ ಮೊದಲೇ ಹೋಗಿ ಒಳಗೆ ಕೂತಳು. ಅವರು ಸೌಮ್ಯ ಮುಖದ ಮನುಷ್ಯ, ಗಡಿಯಾರವನ್ನು ನೋಡುತ್ತಿದ್ದಾರೆಂದು ಗೊತ್ತಾಗದಂತೆ ಗಡಿಯಾರ ನೋಡಬಲ್ಲವರು. ಫೈಲು ತೆರೆದಿಟ್ಟು ಅವಳು ಇಂಗ್ಲಿಷಿನಲ್ಲಿ, ಬ್ಯಾಂಕಿನಲ್ಲಿ ಮೇಲಧಿಕಾರಿಗಳ ಎದುರು ಆಡುವ ಇಂಗ್ಲಿಷಿನಲ್ಲಿ, ನನಗೆ ಏನೇನಾಗುತ್ತದೆ ಎಲ್ಲ ಹೇಳಿ ಎಂದಳು. ಅವರು, ನೀವು ಆಗ ತುಂಬ ಅಶಕ್ತರಾಗಿದ್ದಿರಿ, ನಿಮ್ಮ ಗಂಡ ಬಹಳ ಕಾಳಜಿಯ ಮನುಷ್ಯ, ಅವರ ಜೊತೆ ಎಲ್ಲವನ್ನೂ ಎಂದು ಶುರುಮಾಡಿದರು. "ಕರೆಂಟು ಅವರ ಹೊಟ್ಟೆಗೆ ಕೊಡುತ್ತಿಲ್ಲ, ಡಾಕ್ಟರ್," ಎಂದಳು. ಹೊರಗೆ ಇಪ್ಪತ್ತು ಜನ ಕಾಯುತ್ತಿದ್ದಾರೆ ಎಂದರು. ಕಾಯಲಿ ಎಂದಳು. ಹಾಗೆ ಅಂದಾಗ ಹೊರಗಿನ ಇಪ್ಪತ್ತು ಮೂತ್ರಕೋಶಗಳು ನೆನಪಾಗಿ ನಾಚಿಕೆಯಾಯಿತು, ಆದರೂ ಏಳಲಿಲ್ಲ.

ಅವರು ಹೇಳಿದರು. ಭೇದಿ ಇನ್ನೂ ಹೆಚ್ಚಾಗಬಹುದು, ಮುಗಿದ ಮೇಲೆ ಕೆಲವು ವಾರಗಳಲ್ಲಿ ಇಳಿಯುತ್ತದೆ. ಕೆಲವರಿಗೆ ಪೂರ್ತಿ ಇಳಿಯುವುದಿಲ್ಲ. ಸುಸ್ತು ಮ್ಯಾಜಿಕ್ಕಿನಂತೆ ಹೋಗುವುದಿಲ್ಲ, ತಿಂಗಳುಗಟ್ಟಲೆ ಇರುತ್ತದೆ. ವರ್ಷಗಳ ಮೇಲೂ ಮೂತ್ರದಲ್ಲಿ, ಮಲದಲ್ಲಿ ರಕ್ತ ಕಾಣಿಸಬಹುದು, ಬಂದು ತೋರಿಸಬೇಕು. ಯೋನಿ ಒಣಗುತ್ತದೆ, ಕಿರಿದಾಗುತ್ತದೆ. ಮುಚ್ಚಿಕೊಳ್ಳದ ಹಾಗೆ ಒಂದು ಸಲಕರಣೆ ಕೊಡುತ್ತೇವೆ, ವಾರಕ್ಕೆ ಎರಡು ಮೂರು ಸಲ ನೀವೇ ಹಾಕಿಕೊಳ್ಳಬೇಕು, ಸಿಸ್ಟರ್ ಮೇರಿ ಹೇಗೆಂದು ತೋರಿಸುತ್ತಾಳೆ. ಇದನ್ನು ಹೇಳುವಾಗ ಅವರು ಪೇಪರ್ ವೇಟು ತಿರುಗಿಸುತ್ತಿದ್ದರು. ಅಂಡಾಶಯಗಳು ಮತ್ತೆ ಕೆಲಸ ಮಾಡುವುದಿಲ್ಲ. ಗರ್ಭಕೋಶ ಇರುತ್ತದೆ, ಆದರೆ ಏನನ್ನೂ ಹಿಡಿದಿಡಲಾರದು. ನಾನು ಮೊದಲ ದಿನವೇ ತಡಮಾಡಲು ಹೇಳಿದ್ದರೆ ಎಂದು ಕೇಳಿದಳು. ಅವರು ಪೇಪರ್ ವೇಟು ಬಿಟ್ಟರು. ಅಂಡಾಶಯ ಸರಿಸುವ ಶಸ್ತ್ರಕ್ರಿಯೆಗೆ ಒಂದು ವಾರ ಸಾಕಿತ್ತು, ರಕ್ತ ಏರಿಸಲು ಹೇಗೂ ಅಷ್ಟು ದಿನ ಹಿಡಿಯಿತು. ಅಂಡಾಣು ತೆಗೆಯುವುದಾಗಿದ್ದರೆ ಅಪಾಯವಿತ್ತು. ಖಚಿತವಾಗಿ ಹೇಳಲಾರೆ ಎಂದರು. ಬದುಕುವುದು? ಐದು ವರ್ಷ ದಾಟುವವರು ನೂರಕ್ಕೆ ಎಪ್ಪತ್ತರ ಹತ್ತಿರ ಎಂದರು. ಅವಳು ಅವರನ್ನೇ ನೋಡಿದಳು. ಇದೊಂದು ಒಳ್ಳೆಯ ಸುದ್ದಿಯನ್ನಾದರೂ ಯಾರಾದರೂ ಅವಳಿಗೆ ಹೇಳಬಹುದಾಗಿತ್ತು. ಒಂದು ವಾರ ಸಾಕಿತ್ತು. "ನೀವು ನನ್ನ ಹಾಸಿಗೆಯವರೆಗೆ ನಡೆದು ಬರಬೇಕಿತ್ತು," ಎಂದಳು. ಅವರು, ಹೌದು, ಬರಬೇಕಿತ್ತು, ಎಂದರು. ಅವರು ಒಪ್ಪಿಕೊಂಡದ್ದರಿಂದ ಏನೂ ಹಗುರವಾಗಲಿಲ್ಲ.

ನೀರು ಕುಡಿದು, ಕಾದು, ಯಂತ್ರದ ಕೋಣೆಗೆ ಹೋದಾಗ ಹನ್ನೊಂದಾಗಿತ್ತು. ಲಾಡಿ ಬಿಚ್ಚಿ ಮಲಗಿದಳು. ಹರಿಣಾಕ್ಷಿ ಚುಕ್ಕೆಗಳಿಗೆ ಗೆರೆ ಹೊಂದಿಸಿ ಹೊರಗೆ ಹೋದಳು. ಬಾಗಿಲು ಮುಚ್ಚಿತು. ಮೈಕಿನಲ್ಲಿ ಅವಳ ದನಿ ಬಂತು: "ಅಕ್ಕ, ಅಲ್ಲಾಡ್ಬೇಡಿ." ತಾನು ಅಲ್ಲಾಡುತ್ತಿಲ್ಲ ಎಂದುಕೊಂಡಳು. "ಅಕ್ಕ, ಸೊಂಟ ನಡುಗ್ತಾ ಉಂಟು." ಹಲ್ಲು ಕಚ್ಚಿದಳು, ತೊಡೆ ಬಿಗಿದಳು. ನಡುಕ ಹೆಚ್ಚಾಯಿತು. ಬಾಗಿಲು ಮತ್ತೆ ತೆರೆಯಿತು, ಹರಿಣಾಕ್ಷಿ ಬಂದು ಪಕ್ಕದಲ್ಲಿ ನಿಂತಳು.

"ಎಂತಾಯ್ತು? ಹೆದರಿಕೆಯಾ?"

"ಅಲ್ಲ. ಸಿಟ್ಟು."

"ಸಿಟ್ಟಾ?" ಹರಿಣಾಕ್ಷಿ ಇಂಥ ಉತ್ತರವನ್ನು ಮೊದಲು ಕೇಳಿರಲಿಲ್ಲವೆಂದು ತೋರಿತು. ಯಾರ ಮೇಲೆ ಎಂದು ಕೇಳಬಹುದು, ಸಿಟ್ಟು ಮಾಡಿಕೊಂಡರೆ ರೋಗಕ್ಕೆ ಒಳ್ಳೆಯದಲ್ಲ ಎನ್ನಬಹುದು, ದೇವರನ್ನು ನೆನೆ ಎನ್ನಬಹುದು ಎಂದು ಶ್ರೀವಿದ್ಯಾ ಆ ಮಾತುಗಳಿಗಾಗಿ ಕಾಯುತ್ತ ಇನ್ನೂ ಬಿಗಿಯಾದಳು. ಹರಿಣಾಕ್ಷಿ ಕಾಲ ಮೇಲಿನ ಹೊದಿಕೆಯನ್ನು ಎಳೆದು ಸೊಂಟದವರೆಗೆ ಹೊದಿಸಿದಳು. "ಹೀಗೆ ನಡುಗಿದ್ರೆ ನನಗೆ ಕೊಡ್ಲಿಕ್ಕೆ ಆಗುದಿಲ್ಲ ಅಕ್ಕ. ಬೇರೆ ಕಡೆಗೆ ತಾಗ್ತದೆ. ಒಂದು ಕೆಲ್ಸ ಮಾಡಿ. ಸಿಟ್ಟು ಮಾಡಿ ಮುಗಿಸಿ. ನಾನು ಹೊರಗೆ ಇರ್ತೇನೆ, ಕ್ಯಾಮೆರಾ ನೋಡ್ತಾ ಕೂರುದಿಲ್ಲ, ಮುಗಿದಾಗ ಕೈ ಎತ್ತಿ ಸಾಕು. ಗೋಡೆ ಇಷ್ಟು ದಪ್ಪ ಉಂಟು, ಎಷ್ಟು ಬೊಬ್ಬೆ ಹೊಡೆದ್ರೂ ಯಾರಿಗೂ ಕೇಳುದಿಲ್ಲ."

ಬಾಗಿಲು ಮುಚ್ಚಿತು. ಮೊದಲು ಏನೂ ಬರಲಿಲ್ಲ. ಚಾವಣಿಗೆ ಅಂಟಿಸಿದ ಹೂಗಿಡದ ಚಿತ್ರ ಕಾಣುತ್ತಿತ್ತು. ಆಮೇಲೆ ಗಂಟಲಿನಿಂದ ಒಂದು ಸದ್ದು ಬಂತು, ಮಾತಾಗಿರಲಿಲ್ಲ. ಆಮೇಲೆ ಮಾತು. ಗದಗಿನ ಓಣಿಯಲ್ಲಿ ನೀರಿನ ಸರದಿಗೆ ಹೆಂಗಸರು ಆಡುವ, ಅವಳು ಎಂದೂ ಬಾಯಿಂದ ತೆಗೆಯದ ಬೈಗಳು ಒಂದೊಂದಾಗಿ ಬಂದವು. ಗಂಜಿ ಬೇಯಿಸುವ ಗಂಡನನ್ನು ಬೈದಳು, ಸತ್ತುಹೋದ ಮಾವನನ್ನು ಬೈದಳು, ಸುಮ್ಮನಿದ್ದ ಅತ್ತೆಯನ್ನು, ನಡೆದು ಬಾರದ ಡಾಕ್ಟರನ್ನು, ಮಗಳೇ ಎಂದ ಮೇರಿಯನ್ನು. ಕೊನೆಗೆ ಎಡಗೈಯಲ್ಲಿ ಪೆನ್ನು ಹಿಡಿದ ತನ್ನನ್ನು ಬೈದುಕೊಂಡಳು. ಆಗ ಅಳು ಬಂತು. ಕಣ್ಣೀರು ಕಿವಿಗಳೊಳಗೆ ಇಳಿದು ಕಚಗುಳಿಯಾಯಿತು, ಒರೆಸಿಕೊಂಡಳು. ಎಷ್ಟು ಹೊತ್ತಾಯಿತೋ ತಿಳಿಯಲಿಲ್ಲ. ಹೊರಗೆ ಜನ ಕಾಯುತ್ತಿದ್ದರು, ಅವಳ ಮೂತ್ರಕೋಶವೂ ಕಲ್ಲಿನಂತೆ ಬಿಗಿದು ನೋಯುತ್ತಿತ್ತು. ಸಿಟ್ಟು ಎಲ್ಲಿಯೂ ಹೋಗಿರಲಿಲ್ಲ, ಎದೆಯಲ್ಲಿ ಇದ್ದಲ್ಲಿಯೇ ಇತ್ತು. ಸೊಂಟ ಮಾತ್ರ ನಿಂತಿತ್ತು. ಹೊದಿಕೆಯನ್ನು ತಾನೇ ಕೆಳಗೆ ಸರಿಸಿ, ಕೈ ಎತ್ತಿ ತೋರಿಸಿದಳು. ಹರಿಣಾಕ್ಷಿ ಬಂದು, ಏನೂ ಮಾತಾಡದೆ, ಗೆರೆಗಳನ್ನು ಮತ್ತೊಮ್ಮೆ ಹೊಂದಿಸಿ ಹೋದಳು. ಮೈಕು ಚಿಟ್ ಎಂದಿತು.

"ಅಕ್ಕ, ಕೊಡ್ಬಹುದಾ?"

ಶ್ರೀವಿದ್ಯಾ ಚಾವಣಿಯನ್ನು ನೋಡುತ್ತ ಒಂದು ಸಲ ಉಸಿರೆಳೆದುಕೊಂಡು ಬಿಟ್ಟಳು.

"ಕೊಡ್ರಿ," ಎಂದಳು.